ಸೇತುವೆಯ ಕೆಳಗೆ ನಿಂತವಳು

ಎಕ್ಸೆಟರ್
ಭಾನುವಾರ, ಫೆಬ್ರವರಿ 23, 2025

ಪ್ರೀತಿಯ ಅಪ್ಪಾ,

ಇವತ್ತು ನಿಮಗೆ ಬರೆಯುತ್ತಿರುವ ಎರಡನೆಯ ಪತ್ರ ಇದು. ಮೊದಲನೆಯದರಲ್ಲಿ ಅಮ್ಮನ ಮಂಡಿ, ಲೊವೆನಾಳ ಹಾಡು, ನಮ್ಮೂರ ಹವೆ ಎಲ್ಲವೂ ಇತ್ತು. ಒಂದು ಮಾತನ್ನು ಮಾತ್ರ ಬಿಟ್ಟಿದ್ದೆ. ಲಕೋಟೆ ಅಂಟಿಸುವಾಗ ನನಗೇ ಸರಿಕಾಣದೆ ಹರಿದುಹಾಕಿದೆ. ಬಿಟ್ಟಿದ್ದ ಮಾತು ಇಷ್ಟೇ: ನೀವು ಅಮ್ಮನಿಗಾಗಿ ಕಬ್ಬಿಣದ ಸೇತುವೆಯ ಮೇಲೆ ಕಾದು, ಅವಳು ಬರಲಿಲ್ಲವೆಂದು ವೇಲ್ಸ್‌ಗೆ ಹಿಂತಿರುಗಿದ ಆ ಭಾನುವಾರ, ಅಮ್ಮ ಬಂದಿದ್ದಳು. ಸೇತುವೆಯ ಕೆಳಗೆ ನಿಂತಿದ್ದಳು.

ಇಷ್ಟು ಓದಿ ನೀವು ಕಾಗದ ಕೆಳಗಿಟ್ಟು ತೋಟಕ್ಕೆ ಹೋಗುತ್ತೀರಿ ಎಂದು ಗೊತ್ತು. ಹೋಗಿ. ಲೀಕ್ ಗಿಡಗಳ ಬುಡಕ್ಕೆ ಮಣ್ಣು ಏರಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಬಂದಿರಾ? ಎದೆ ಹೇಗಿದೆ? ರಾತ್ರಿ ಮಲಗಿದರೆ ಕೆಮ್ಮು ಬರುತ್ತದೆಯೇ, ಅಥವಾ ಮೈರ್ ಅತ್ತೆ ಬರೆಯುವಂತೆ ಅವರು ಕೇಳುವಷ್ಟು ಹೊತ್ತು ಮಾತ್ರ ಬರುತ್ತದೆಯೇ? ಕಿವಿಯ ಯಂತ್ರವನ್ನು ನೀವು ಸಕ್ಕರೆ ಡಬ್ಬಿಯಲ್ಲಿ ಬಚ್ಚಿಟ್ಟದ್ದು ನನಗೆ ತಲುಪಿದೆ. ಹಾಕಿಕೊಳ್ಳಿ ಅಪ್ಪಾ. ಫೋನಿನಲ್ಲಿ ನಾನು ಕೂಗುವುದು, ನೀವು 'ಹೂಂ, ಹೂಂ' ಅನ್ನುವುದು, ಆಮೇಲೆ ಅದನ್ನೇ ನಾನು ಕಾಗದದಲ್ಲಿ ಬರೆಯುವುದು, ಎಷ್ಟು ದಿನ ಹೀಗೆ? ಆದರೂ ಇವತ್ತಿನ ಮಟ್ಟಿಗೆ ಕಾಗದವೇ ವಾಸಿ. ಇದನ್ನು ನಾನು ಕೂಗಿ ಹೇಳಲಾರೆ.

ಲೊವೆನಾ ಏಪ್ರಿಲ್ ಹದಿಮೂರಕ್ಕೆ, ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದ ದಿನ, ಕೆಥೆಡ್ರಲ್ಲಿನಲ್ಲಿ ಒಂದು ಚರಣ ಒಬ್ಬಳೇ ಹಾಡುತ್ತಾಳೆ. ಹನ್ನೆರಡು ವರ್ಷದ ಹುಡುಗಿ ಆ ಕಲ್ಲಿನ ಕಾಡಿನಂಥ ಜಾಗದಲ್ಲಿ ಬಾಯಿ ತೆರೆದು ನಿಲ್ಲುವುದನ್ನು ನೆನೆದರೇ ನನಗೆ ಭಯವಾಗುತ್ತದೆ. ಅವಳಿಗೆ ಅಂಥ ಭಯವೇನಿಲ್ಲ. ಬೇಕಾಗಿರುವುದು ಒಂದೇ, ತಾತ ಬರಬೇಕು. 'ಈ ಗಂಟಲು ಕೊಟ್ಟಿದ್ದೇ ತಾತ ತಾನೇ, ಕೇಳೋಕೆ ಬರದಿದ್ರೆ ಹೇಗೆ' ಅನ್ನುತ್ತಾಳೆ. ಜನವರಿಯಲ್ಲಿ ಕರೆದಾಗ ನೀವು ಒಂದೇ ಸಾಲು ಬರೆದಿರಿ: 'ಆ ಊರಿಗೆ ಬಂದು ಒಂದು ಸಲ ನಿಂತದ್ದು ಸಾಕು.' ಅವಳಿಗೆ ಆ ಸಾಲು ತೋರಿಸಲಿಲ್ಲ. ತಾತನಿಗೆ ಇನ್ನೂ ರೈಲು ಸಿಕ್ಕಿಲ್ಲ ಎಂದು ಹೇಳಿದ್ದೇನೆ.

ಇವತ್ತಿನವರೆಗೆ ನನಗೆ ಗೊತ್ತಿದ್ದದ್ದು ಎಷ್ಟು ಎಂಬುದನ್ನು ಮೊದಲು ಬರೆಯುತ್ತೇನೆ, ನೀವು ತಾಳೆ ನೋಡಿ. ನನಗೆ ಎಂಟು ವರ್ಷವಿದ್ದಾಗ ಇಲ್ಲಿಯ ಎರಕದ ಕಾರ್ಖಾನೆ ಮುಚ್ಚಿತು. ನೀವು ಕೆಲಸ ಹುಡುಕಿಕೊಂಡು ವೇಲ್ಸ್‌ನ ನಿಮ್ಮೂರು ಬ್ಲೈನಾಗೆ ಮರಳಿದಿರಿ. ಅಮ್ಮ ತನ್ನ ತಾಯಿಯನ್ನು ಬಿಟ್ಟು ಬರಲಾರೆ ಎಂದಳು. ಅಜ್ಜಿ ನಿಮ್ಮ ಟೋಪಿಯನ್ನು ಬಾಗಿಲಿನಿಂದಾಚೆ ಎಸೆದು, 'ಇನ್ನೊಂದ್ಸಲ ಈ ಬೀದಿಗೆ ಕಾಲಿಟ್ಟು ನೋಡು, ಟೋಪಿ ಒಳಗೆ ತಲೇನೂ ಇರುತ್ತೆ' ಎಂದು ಕೂಗಿದ್ದು ನನಗೂ ನೆನಪಿದೆ; ಆ ಬೀದಿಯಲ್ಲಿ ಅದು ಯಾರಿಗೆ ತಾನೇ ಕೇಳಿಸಿರಲಿಕ್ಕಿಲ್ಲ! ಅದಾದ ಮೇಲೆ ನೀವು ಅಮ್ಮನಿಗೆ ಫೋನ್ ಮಾಡಿದಿರಿ. ಭಾನುವಾರ ಸಂಜೆ ಕೆಥೆಡ್ರಲ್ಲಿನ ಗಂಟೆ ನಿಲ್ಲುವ ಹೊತ್ತಿಗೆ ಸೇತುವೆ ಹತ್ತಿರ ಬಾ, ಬಂದರೆ ಹಳೆಯದೆಲ್ಲ ಮರೆತು ಮೂವರೂ ಹೋಗೋಣ, ಬರದಿದ್ದರೆ ಯಾಕೆ ಅಂತ ನಾನು ಯಾವತ್ತೂ ಕೇಳೋದಿಲ್ಲ, ನೀನೂ ಹೇಳಬೇಡ. ಹೀಗೆಂದು ಷರತ್ತು ಹಾಕಿದಿರಿ. ಮಳೆಯಲ್ಲಿ ದೀಪ ಹತ್ತುವವರೆಗೂ ಕಾದಿರಿ. ಇದಿಷ್ಟನ್ನು ನೀವು ನನಗೆ ಹೇಳಿದ್ದು ಕೆಲವು ಬೇಸಿಗೆಯ ಹಿಂದೆ, ನಿಮ್ಮ ತೋಟದಲ್ಲಿ, ನನ್ನ ಮುಖ ನೋಡದೆ. 'ನಾನು ಬಂದಿದ್ದೆ. ನಿಮ್ಮಮ್ಮ ಬರಲಿಲ್ಲ. ಮಾತು ಇಲ್ಲಿಗೇ ಇರಲಿ.' ನಾನೂ ಇಲ್ಲಿಗೇ ಇಟ್ಟೆ. ಅಮ್ಮನಂತೂ ಆ ದಿನದ ಬಗ್ಗೆ ಎಂದೂ ಬಾಯಿ ಬಿಟ್ಟವಳಲ್ಲ. ನೀವಿಬ್ಬರೂ ಆ ಷರತ್ತನ್ನು ಪಾಲಿಸಿದಷ್ಟು ನಿಯತ್ತಾಗಿ ಮದುವೆಯ ಮಾತನ್ನೂ ಪಾಲಿಸಿದ್ದರೆ ಎಂದು ಇವತ್ತು ಅನ್ನಿಸಿತು. ಬರೆದ ಮೇಲೆ ಇದು ಒರಟಾಗಿ ಕಾಣುತ್ತಿದೆ. ಇರಲಿ, ಹೊಡೆದುಹಾಕುವುದಿಲ್ಲ.

ಅಮ್ಮನಿಗೆ ನವೆಂಬರಿನಲ್ಲಿ ಹೊಸ ಮಂಡಿ ಹಾಕಿದ್ದು ನಿಮಗೆ ಗೊತ್ತು. ದಿನವೂ ನಡೆಯಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ, ಅವಳು ಅವರನ್ನು ಬೈಯುತ್ತಲೇ ನಡೆಯುತ್ತಾಳೆ. ಮೊದಲು ಮೂಲೆಯ ಅಂಗಡಿಯವರೆಗೆ, ಆಮೇಲೆ ಪಾರ್ಕಿನವರೆಗೆ, ಹೀಗೆ ವಾರವಾರಕ್ಕೂ ಸ್ವಲ್ಪ ಮುಂದೆ. ಇವತ್ತು ಮಧ್ಯಾಹ್ನ ಬಸ್ಸಿನಲ್ಲಿ ಕೆಥೆಡ್ರಲ್ಲಿಗೆ ಬೇಗನೇ ಬಂದೆವು, ಸಂಜೆಯ ಪ್ರಾರ್ಥನೆಗೆ ಲೊವೆನಾಳ ತಂಡದ ಹಾಡಿತ್ತು. ಹೊರಗಿನ ಬೆಂಚಿನ ಮೇಲೆ ಕೂತು ಊರುಗೋಲಿನಿಂದ ಪಾರಿವಾಳಗಳನ್ನು ಗದರಿಸುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ, 'ನಡಿ, ಸೇತುವೆ ನೋಡ್ಕೊಂಡು ಬರೋಣ' ಅಂದಳು. ಅಜ್ಜಿ ಹೋದಮೇಲೆ ಅವಳು ಆ ಕಡೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಯಾಕೆ ಅಂದೆ. 'ಹೊಸ ಮಂಡಿ ಹಳೇ ಬೀದಿ ನೋಡಿಲ್ಲ, ಅದಕ್ಕೆ' ಅಂದಳು.

ನಾರ್ತ್ ಸ್ಟ್ರೀಟಿನ ಕೊನೆಯಲ್ಲಿ ದಾರಿ ಎರಡಾಗುತ್ತದಲ್ಲ, ನಾನು ಯೋಚಿಸದೆ ನೇರವಾಗಿ ಸೇತುವೆಯ ಮೇಲಕ್ಕೆ ನಡೆದೆ. ಮೇಲೆ ಸಮತಟ್ಟು, ಅವಳ ಕಾಲಿಗೆ ಸುಲಭ. ತಿರುಗಿ ನೋಡಿದರೆ ಅಮ್ಮ ಪಕ್ಕದಲ್ಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಅಳೆದು, ಇಳಿಜಾರಿನ ಕೆಳಗಿನ ಬೀದಿಗೆ ಇಳಿಯುತ್ತಿದ್ದಾಳೆ. 'ಅಮ್ಮಾ, ಸೇತುವೆ ಈ ಕಡೆ!' ಎಂದು ಕೂಗಿದೆ. ಅವಳು ತಲೆ ಎತ್ತದೆ, 'ಅದು ಸೇತುವೆ ಅಲ್ಲ ಕಣೇ, ಅದು ರಸ್ತೆ. ಸೇತುವೆ ಇರೋದು ಇಲ್ಲಿ' ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ ಅಪ್ಪಾ. ಹಿಂದಿದ್ದ ಸೈಕಲ್ಲಿನವನು ಬೆಲ್ಲು ಹೊಡೆದು ಬೈದುಕೊಂಡು ಹೋದ. ಆಗ ಪೂರ್ತಿ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ, ಏನೋ ಒಂದು ಒಳಗೆ ಜಾರಿದಂತಾಯಿತು. ಮೇಲೆ ನಡೆದುಹೋಗುವವರಿಗೆ ಅದು ಎರಡು ಕಡೆ ಕಂಬಿ ಹಾಕಿದ ರಸ್ತೆ, ನಿಜ. ಕೆಳಗೆ ಹೋಗಿ ನಿಂತರೆ ತಲೆಯ ಮೇಲೆ ಕಮಾನಿಗೆ ಕಮಾನು ಹೆಣೆದುಕೊಂಡ ಕಬ್ಬಿಣ. ಅಮ್ಮ ಹುಟ್ಟಿದ್ದು ಅದರ ಅಡಿಯಲ್ಲಿ, ಲಾರಿ ಹೋದಾಗಲೆಲ್ಲ ಕಪ್-ಬಸಿಗಳು ಗಲಗಲ ಅನ್ನುವ ಮನೆಯಲ್ಲಿ. ಅವಳಿಗೆ ಸೇತುವೆಯೆಂದರೆ ಸೂರು. ನಿಮಗೆ ಅದು ಮೇಲಿನ ಕಂಬದಲ್ಲಿ ಎರಕಹೊಯ್ದ ನಿಮ್ಮೂರಿನ ಹೆಸರು. ನನ್ನನ್ನು ಎತ್ತಿ ಹಿಡಿದು ಆ ಅಕ್ಷರಗಳ ಮೇಲೆ ಬೆರಳಾಡಿಸಿದ್ದಿರಿ, ಶಾಲೆಗೆ ಸೇರುವ ಮೊದಲೇ ನಾನು ಓದಿದ ಪದ ಬ್ಲೈನಾ. 'ನನಗಿಂತ ಮುಂಚೆ ನಮ್ಮೂರ ಕಬ್ಬಿಣ ಬಂದು ನಿಮ್ಮಮ್ಮನ ಮನೆ ಕಾದಿದೆ' ಎಂದು ನೀವು ರೇಗಿಸಿದರೆ ಅಮ್ಮ, 'ಕಾದಿದ್ದು ಸಾಕು, ಆ ಗಲಾಟೆ ನಿಲ್ಲಿಸೋಕೆ ಹೇಳು' ಅನ್ನುತ್ತಿದ್ದಳು.

ಕೆಳಗೆ ಅಮ್ಮ ಎರಡನೆಯ ಕಮಾನಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು, ಬಸ್ಸಿಗೆ ಕಾಯುವವಳ ಹಾಗೆ. ಮಂಡಿ ನೋಯುತ್ತಿದೆಯೇನೋ ಎಂದು ನಾನು ಕೇಳುವಷ್ಟರಲ್ಲಿ ಎದುರು ಮನೆಯ ಕಿಟಕಿ ತೆರೆಯಿತು. ಹೆಟ್ಟಿ ಎಂಡಕಾಟ್! ಅಜ್ಜಿಯ ನೆರೆಯವಳು, ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರನ್ನೂ 'ಚಿನ್ನ' ಎಂದು ಕರೆಯುವವಳು. ಎಂಬತ್ತು ದಾಟಿದೆ, ದನಿ ಒಂದಿಷ್ಟೂ ಇಳಿದಿಲ್ಲ. 'ಏನ್ ಲಿನೆಟ್, ಚಿನ್ನ, ಇನ್ನೂ ಬರ್ಲಿಲ್ವೇನೇ ನಿನ್ ಗಂಡ? ಮಂಡಿ ಹೊಸದು ಹಾಕಿಸ್ಕೊಂಡ್ ಬಂದು ಅದೇ ಕಂಬಕ್ಕೆ ಒರಗಿದ್ದೀಯಲ್ಲ!' ಅಮ್ಮ ನಗುತ್ತ, 'ಬಾಯ್ ಮುಚ್ಚೇ ಹೆಟ್ಟಿ, ಮಗಳಿದ್ದಾಳೆ' ಅಂದಳು. 'ಮಗಳಿಗೇನು ಗೊತ್ತಿಲ್ವಾ? ಅವಳ ಫ್ರಾಕೂ ಆ ಪೆಟ್ಟಿಗೇಲೇ ಇತ್ತಲ್ಲ!'

ಯಾವ ಪೆಟ್ಟಿಗೆ ಎಂದು ಕೇಳಿದೆ. ಹೆಟ್ಟಿ ಮೊದಲು ನಮ್ಮನ್ನು ಒಳಗೆ ಕರೆದು ಚಹಾ ಮಾಡಿದಳು. ಬನ್ನು ಸೀಳಿ, ಇಲ್ಲಿಯವರ ಪದ್ಧತಿಯಂತೆ ಕೆನೆ ಮೊದಲು ಸವರಿ, ಅದರ ಮೇಲೆ ಜಾಮ್ ಹಾಕಿ ಕೊಟ್ಟಳು. (ನೀವು ಜಾಮ್ ಮೊದಲು ಹಾಕಿಕೊಂಡು ಅಜ್ಜಿಯ ಬಾಯಿಗೆ ಬೀಳುತ್ತಿದ್ದದ್ದನ್ನು ಇಬ್ಬರೂ ನೆನೆಸಿಕೊಂಡರು. ನಿಮ್ಮನ್ನು ಅಳಿಯ ಅಲ್ಲ ಎನ್ನಲು ಅಜ್ಜಿಗೆ ಅದೊಂದು ಸಾಕಾಗಿತ್ತಂತೆ.) ಪೆಟ್ಟಿಗೆಯ ವಿಷಯ ಹೇಳಿದ್ದು ಹೆಟ್ಟಿಯೇ. ಅಮ್ಮ ಶನಿವಾರವೇ ತನ್ನ ಬಟ್ಟೆ, ನನ್ನ ಬಟ್ಟೆ, ನನ್ನ ಶಾಲೆಯ ಬೂಟು ತುಂಬಿದ ಪೆಟ್ಟಿಗೆಯನ್ನು ಅಜ್ಜಿಗೆ ಕಾಣದಂತೆ ತಂದು ಹೆಟ್ಟಿಯ ಮನೆಯಲ್ಲಿಟ್ಟಿದ್ದಳು. ಭಾನುವಾರ ನನ್ನನ್ನು ಅಜ್ಜಿಯ ಬೆಂಕಿಗೂಡಿನ ಮುಂದೆ ಕೂರಿಸಿ, 'ಈಗ ಬಂದೆ' ಎಂದು ಹೊರಟು, ಹಸಿರು ಕೋಟು ತೊಟ್ಟು ಆ ಕಂಬದ ಬಳಿ ನಿಂತಳು. ನೀವು ಬಂದ ಕೂಡಲೇ ನನ್ನ ಕೈ ಹಿಡಿದು ಮೂವರೂ ಸ್ಟೇಷನ್ನಿಗೆ ನಡೆಯುವುದು, ಅಜ್ಜಿಗೆ ಹೆಟ್ಟಿ ಆಮೇಲೆ ಹೇಳುವುದು ಎಂದು ಮಾತಾಗಿತ್ತು. ಗಂಟೆ ನಿಂತಿತು. ದೀಪ ಹತ್ತಿತು. ಹೆಟ್ಟಿ ಹೋಗಿ, 'ಒಳಗ್ ಬಾ ಚಿನ್ನ, ಗಂಡಸರು ಹೀಗೇನೇ' ಎಂದು ಕರೆತಂದಳಂತೆ. ಆ ಹಸಿರು ಕೋಟು ನನಗೂ ನೆನಪಿದೆ. ಅವಳು ಅದನ್ನು ಮತ್ತೆಂದೂ ತೊಡದೆ ಯಾರಿಗೋ ಕೊಟ್ಟದ್ದು, ಕೊಡಬೇಡವೆಂದು ನಾನು ಹಟಮಾಡಿದ್ದು ಕೂಡ.

ನನಗೆ ಹೇಳಲೋ ಬೇಡವೋ ಎಂದು ಯೋಚಿಸಲು ಸಮಯವಿತ್ತು. ಚಹಾ ಬಿಸಿಯಿತ್ತು. ನೀವು ಇಲ್ಲಿಗೇ ಇರಲಿ ಎಂದ ಮಾತು. ಒಬ್ಬರ ಗುಟ್ಟನ್ನು ಇನ್ನೊಬ್ಬರ ಮುಂದೆ ಇಡಲು ನಾನು ಯಾರು ಎಂದು ಒಂದು ಮನಸ್ಸು. ಮಗಳಲ್ಲದೆ ಇನ್ನು ಯಾರು ಇಡಬೇಕು ಎಂದು ಇನ್ನೊಂದು. ಕೊನೆಗೆ, 'ಅಪ್ಪ ಬಂದಿದ್ದರು ಅಮ್ಮಾ. ಮೇಲಿದ್ದರು. ಅವರೂರಿನ ಹೆಸರಿರೋ ಕಂಬದ ಹತ್ತಿರ' ಅಂದೆ.

ಅಮ್ಮ ಕೈಯಲ್ಲಿದ್ದ ಬಸಿಯನ್ನು ಮೇಜಿನ ಮೇಲಿಟ್ಟಳು. ಅವಳು ಕೇಳಿದ ಮೊದಲ ಮಾತು ಇದು: 'ಮೇಲೆ? ಆ ಮಳೇಲಿ?' ಹೌದೆಂದೆ. 'ಪೆದ್ದ. ಕೆಳಗೆ ಇಷ್ಟಗಲ ಸೂರು ಇಟ್ಕೊಂಡು ಯಾವನಾದ್ರೂ ಮಳೇಲಿ ಮೇಲೆ ನಿಲ್ತಾನಾ?' ಹೆಟ್ಟಿ ಕೂಡ, 'ಅದೇ ತಾನೇ? ಮೇಲೆ ಯಾಕ್ ನಿಂತ? ಅಲ್ಲೇನಿದೆ?' ಎಂದು ನಿಜವಾಗಿಯೂ ಆಶ್ಚರ್ಯಪಟ್ಟಳು. ಆ ಬೀದಿಯವರಿಗೆ ನೀವು ಮೇಲಿರಬಹುದೆಂಬ ಯೋಚನೆಯೇ ಇಷ್ಟು ವರ್ಷ ಬರಲಿಲ್ಲ ಅಪ್ಪಾ. ನಿಮಗೆ ಅವಳು ಕೆಳಗಿರಬಹುದು ಅಂತ ಬಂತೇ? ಬಂದಿದ್ದರೆ ಬರೆಯಬೇಡಿ, ನಾನು ಕೇಳುತ್ತಿಲ್ಲ. ಅಮ್ಮ ನಕ್ಕಳು, ಬನ್ನಿನ ಪುಡಿ ಕೆನ್ನೆಗೆ ಅಂಟಿತ್ತು, ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೂ ಒರೆಸಿಕೊಂಡಳು.

ಅಲ್ಲಿಂದ ಅವಳು ಮೇಲೆ ಹೋಗಲೇಬೇಕೆಂದಳು. ಏರು ದಾರಿಯಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ನಿಮ್ಮ ಕಂಬದ ಬಳಿ ಹೋಗಿ ಆ ಅಕ್ಷರಗಳ ಮೇಲೆ ಅಂಗೈ ಇಟ್ಟಳು. ಇಷ್ಟು ವರ್ಷದಲ್ಲಿ ಅದನ್ನು ಓದಿಯೇ ಇರಲಿಲ್ಲವಂತೆ. 'ಎಷ್ಟು ಸಲ ಬಣ್ಣ ಬಳಿದಿದ್ದಾರೆ ನೋಡು, ನಿಮ್ಮಪ್ಪನ ಊರು ಮುಚ್ಚೇಹೋಗ್ತಿದೆ' ಎಂದು ಕೈಗವಸಿನ ಹೆಬ್ಬೆರಳಿನಿಂದ ಉಜ್ಜಿದಳು. ನಾನು ಕಂಬಿಯ ಮೇಲೆ ಬಗ್ಗಿ ನೋಡಿದೆ. ಕಮಾನಿನ ಅಡಿ ಕಾಣುವುದಿಲ್ಲ, ಹೆಟ್ಟಿಯ ಮನೆಯ ಮೆಟ್ಟಿಲು ಕಾಣುತ್ತದೆ. ಹೆಟ್ಟಿ ಅಲ್ಲಿ ನಿಂತು ಕೈ ಬೀಸುತ್ತಿದ್ದಳು. ಅಮ್ಮ ಅಂದು ಒಂದು ಹೆಜ್ಜೆ ಮಳೆಗೆ ಬಂದಿದ್ದರೆ ನಿಮಗೆ ಕಾಣುತ್ತಿದ್ದಳು. ನೀವು ಒಂದು ಸಲ ಬಗ್ಗಿದ್ದರೆ ಹೆಟ್ಟಿಗಾದರೂ ಕಾಣುತ್ತಿದ್ದಿರಿ.

ಇದು ತಪ್ಪು ತಿಳಿವಳಿಕೆಯೇ ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ಪೂರ್ತಿ ಹಾಗೆನ್ನಲು ಧೈರ್ಯ ಬರುವುದಿಲ್ಲ. ಅಜ್ಜಿ ಬರಬೇಡ ಎಂದ ಬೀದಿಗೆ ನೀವು ತನಗಾಗಿ ಇಳಿದು ಬರುವಿರೆಂದು ಅಮ್ಮ ನಂಬಿರಬೇಕು. ತಾಯಿಯ ಬೀದಿಯನ್ನು ಬಿಟ್ಟು ಅವಳು ನಿಮಗಾಗಿ ಹತ್ತಿ ಬರುವಳೆಂದು ನೀವು. ಇಬ್ಬರೂ ಒಂದೇ ಗಂಟೆ ಕೇಳಿಸಿಕೊಂಡು, ಒಂದೇ ದೀಪ ಹತ್ತುವವರೆಗೆ ಕಾದು, ಇನ್ನೊಬ್ಬರಿಗೆ ಇಷ್ಟೂ ಬೇಡವಾಯಿತೇ ಎಂದುಕೊಂಡು ಹೋದಿರಿ. ನಡುವೆ ನಿಮ್ಮೂರಿನ ಕಬ್ಬಿಣ ಇತ್ತು. ನನ್ನ ಬೂಟುಗಳು ಹೆಟ್ಟಿಯ ಮನೆಯಲ್ಲಿದ್ದವು. ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆಯೇ ಎಂದು ನೋಡಿಕೊಂಡೆ. ಸ್ವಲ್ಪ ಇದೆ, ಇಬ್ಬರ ಮೇಲೂ ಸಮನಾಗಿ. ಅದಕ್ಕಿಂತ ದೊಡ್ಡದಾಗಿ ಇರುವುದು ಇನ್ನೊಂದು: ನನ್ನನ್ನು ಕರೆದುಕೊಂಡು ಹೋಗಲು ಇಬ್ಬರೂ ಬಂದಿದ್ದಿರಿ. ಯಾರೂ ಬಾರದೆ ಇರಲಿಲ್ಲ. ಇದನ್ನು ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ ತಿಳಿದರೂ ಕಾಲು ಹಗುರವಾಗುತ್ತದೆ, ನಿಮಗೆ ಹೇಗೋ.

ಪ್ರಾರ್ಥನೆಗೆ ತಡವಾಗಿಯೇ ಹೋದೆವು. ಗಂಟೆ ನಿಲ್ಲುತ್ತಿತ್ತು. ಹಾಡಿನ ನಡುವೆ ಅಮ್ಮ ಕಿವಿಯಲ್ಲಿ, 'ಈ ದನಿ ಅವನದ್ದೇ' ಅಂದಳು. ಬಹಳ ವರ್ಷದ ಮೇಲೆ 'ಅವನು' ಎಂಬ ಮಾತು ಅವಳ ಬಾಯಲ್ಲಿ ಮೆತ್ತಗಿತ್ತು. ಮನೆಗೆ ಬಂದ ಮೇಲೆ, ಇದನ್ನೆಲ್ಲ ಅಪ್ಪನಿಗೆ ಬರೆಯುತ್ತೇನೆ ಎಂದು ಮುಖಕ್ಕೇ ಹೇಳಿದೆ. ಇಬ್ಬರ ನಡುವೆ ಇನ್ನೊಂದು ಗುಟ್ಟು ಹೊರಲು ನನಗೆ ಇಷ್ಟವಿಲ್ಲ. ಅವಳು, 'ಬರಿ. ಹಾಕೋದಕ್ಕೆ ಮುಂಚೆ ನನಗೆ ಒಂದು ವಾರ ಕೊಡು' ಅಂದಳು. ಆ ವಾರದಲ್ಲಿ ಅವಳು ಬೇಡವೆಂದರೆ ಈ ಕಾಗದವೂ ಮೊದಲನೆಯದರ ದಾರಿ ಹಿಡಿಯುತ್ತದೆ, ಮತ್ತು ನೀವು ಲೊವೆನಾಳ ಹಾಡಿಗೆ ಬರದಿರಲು ನಿಮ್ಮ ಹಳೆಯ ಕಾರಣ ಹಾಗೇ ಉಳಿಯುತ್ತದೆ.

ಮೈರ್ ಅತ್ತೆಗೆ ನಮ್ಮೆಲ್ಲರ ಪ್ರೀತಿ. ಅವರು ಕಳಿಸಿದ ಕಲ್ಲಿನ ಮೇಲೆ ಸುಟ್ಟ ರೊಟ್ಟಿಗಳನ್ನು ಲೊವೆನಾ ಒಂದೇ ದಿನದಲ್ಲಿ ಮುಗಿಸಿದಳು. ನಿಮ್ಮ ಎದೆ ಬೆಚ್ಚಗಿರಲಿ, ಕಿವಿಯ ಯಂತ್ರ ಕಿವಿಯಲ್ಲೇ ಇರಲಿ.

ನಿಮ್ಮ ಮಗಳು,
ಟ್ಯಾಮ್ಸಿನ್

ಗುರುವಾರ, ಅವಸರದಲ್ಲಿ: ಅಮ್ಮ ಈಗಷ್ಟೇ ಊರುಗೋಲಿಲ್ಲದೆ ಬಂದು ಬಾಗಿಲಲ್ಲೇ ನಿಂತು ಹೇಳಿಹೋದಳು, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ: 'ಏಪ್ರಿಲ್ ಹನ್ನೆರಡು, ಶನಿವಾರ, ಸಂಜೆ ಗಂಟೆ ನಿಲ್ಲೋ ಹೊತ್ತಿಗೆ ಸೇತುವೆಗೆ ಬರೋಕೆ ಹೇಳು. ಅವನ ಕಂಬದ ಹತ್ತಿರಾನೇ ನಿಲ್ಲಲಿ, ನಾನು ಹತ್ತಿ ಬರ್ತೀನಿ, ಮಂಡಿ ಹೊಸದಿದೆ. ಆದ್ರೆ ಮೊದಲು ಒಂದ್ಸಲ ಬಗ್ಗಿ ಕೆಳಗೆ ನೋಡಲಿ. ನಾನು ಹೆಟ್ಟಿ ಮೆಟ್ಟಿಲ ಮೇಲೆ ಇರ್ತೀನಿ, ಮಳೆ ಬಂದ್ರೂ ಸೂರಿನಾಚೆ.' ಮರುದಿನ ಬೆಳಿಗ್ಗೆ ಹಾಡು. ಲೊವೆನಾಳಿಗೆ ಏನೂ ಹೇಳಿಲ್ಲ, ರೈಲು ಸಿಕ್ಕಿತೆಂದು ನೀವೇ ಬರೆಯಿರಿ. ಕಾಗದವನ್ನು ಇವತ್ತೇ ಹಾಕಿಬಿಡುತ್ತೇನೆ ಅಂದರೆ ಅಮ್ಮ ಒಪ್ಪಲಿಲ್ಲ: 'ನಾಡಿದ್ದು ಹಾಕು, ಅವತ್ತು ಅವರ ವೇಲ್ಸಿನ ಸಂತ ಡೇವಿಡ್‌ನ ಹಬ್ಬ, ಅಂಥ ದಿನದ ಮುದ್ರೆ ಬಿದ್ದ ಕಾಗದಾನ ಅವನು ಹರಿಯೋದಿಲ್ಲ.' ಹಾಗಾಗಿ ಅಂಚೆಗೆ ಹಾಕುವ ದಿನ: ಶನಿವಾರ, ಮಾರ್ಚ್ 1.